ಪುಣೆಯ ಮೂರು ಎಚ್‌ಪಿ, ಶಿರಸಿಯ ಎರಡು ಎಚ್‌ಪಿ

ಹೋದ ವರ್ಷ ದೀಪಾವಳಿ ಮುಗಿದ ವಾರ ಭಾವನ ಫೋನು. "ಭಾವಾ, ಈ ಸಣ್ಣ ಕಂಪ್ರೆಸರ್ ಸಾಕಾಗ್ತಿಲ್ಲೆ. ದೊಡ್ಡದು ಯಾವ್ದು ತಗಳವು?" ನಮ್ಮ ಕಡೆ ಅಕ್ಕನ ಗಂಡ ನನಗೆ ಭಾವ, ಅವನಿಗೆ ನಾನೂ ಭಾವ. ಇಬ್ಬರೂ ಒಂದೇ ವಯಸ್ಸಿನವರು, ಹಾಗಾಗಿ ಏಕವಚನ. ಅವನ ಊರು ಶಿರಸಿಯಿಂದ ಕುಮಟಾ ರಸ್ತೆ ಹಿಡಿದು ಹೋಗಿ ಒಳಗೆ ತಿರುಗಿದರೆ ಸಿಗುವ ಹಳ್ಳಿ. ಅಡಿಕೆ ತೋಟ ಹೊಟ್ಟೆಪಾಡು, ಮರಗೆಲಸ ಹುಚ್ಚು. ಹಳೇ ಕೊಟ್ಟಿಗೆಗೆ ಸಿಮೆಂಟು ನೆಲ ಹಾಕಿಸಿ ಹಲಸಿನ ಮಂಚ, ಮಣೆ, ಮುರಿದ ತೊಟ್ಟಿಲು ಎಲ್ಲ ಅಲ್ಲೇ ರಿಪೇರಿ ಮಾಡುತ್ತಾನೆ.

ಅವನ ಹತ್ತಿರ ಇದ್ದದ್ದು ಗಾಳಿ ಹಿಂಡಿ ತುಂಬಿಡುವ 24 ಲೀಟರಿನ ಟ್ಯಾಂಕು, ಒಂದು ಎಚ್‌ಪಿ ಮೋಟಾರು. ಮೊಳೆ ಹೊಡೆಯುವ ಗನ್ನಿಗೆ, ಧೂಳು ಊದುವುದಕ್ಕೆ ಅಡ್ಡಿಯಿಲ್ಲ. ಪಾಲಿಶ್ ಸ್ಪ್ರೇ ಮಾಡಲು ಹೋದರೆ ಅರ್ಧ ಬಾಗಿಲು ಮುಗಿಯುವಷ್ಟರಲ್ಲಿ ಗಾಳಿ ಸೊರಗಿ, ಗನ್ನು ಉಗುಳಲು ಶುರು ಮಾಡುತ್ತಿತ್ತು.

ನಾನು ಹದಿನೆಂಟು ವರ್ಷದಿಂದ ಪುಣೆಯಲ್ಲಿದ್ದೇನೆ, ಚಿಂಚವಡದ ಒಂದು ಟೂಲ್ ರೂಮಿನಲ್ಲಿ ಕೆಲಸ. ಇಲ್ಲಿ ಕಂಪ್ರೆಸರ್ ಕೇಳಲು ಹೋದರೆ ಅಂಗಡಿಯವನ ಮೊದಲ ಪ್ರಶ್ನೆ "ಕಿತಿ ಸಿಎಫ್‌ಎಂ ಪಾಹಿಜೆ?" ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಬೇಕು. ಎಚ್‌ಪಿ ಆಮೇಲೆ, ಟ್ಯಾಂಕು ಅದರ ಆಮೇಲೆ. 1958ರಲ್ಲಿ ಕಿರ್ಲೋಸ್ಕರ್ ನ್ಯೂಮ್ಯಾಟಿಕ್ ಹುಟ್ಟಿದ ಊರಿದು, ಜನ ಗಾಳಿಯನ್ನೂ ಅಳೆದೇ ಕೊಳ್ಳುತ್ತಾರೆ. (ಕಿರ್ಲೋಸ್ಕರ್ ಮನೆತನದ ಲಕ್ಷ್ಮಣರಾಯರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು ಎಂದು ಇಲ್ಲಿನ ಗೆಳೆಯರಿಗೆ ಆಗಾಗ ನೆನಪಿಸುವುದು ನನಗೊಂದು ಚಟ.)

ಊರ ಕಡೆ ಲೆಕ್ಕವೇ ಬೇರೆ. "ಎಷ್ಟು ಲೀಟರಿಂದು?" ಎಂದೇ ಕೇಳುವುದು, ಮಿಕ್ಸರ್ ಜಾರಿನ ಹಾಗೆ. ಭಾವನೂ 220 ಲೀಟರಿನ ಟ್ಯಾಂಕು ಕಣ್ಣಿಟ್ಟು ಕೂತಿದ್ದ. ಫೋನಿನಲ್ಲೇ ಲೆಕ್ಕ ಬಿಡಿಸಿದೆ. 220 ಲೀಟರಿನ ಟ್ಯಾಂಕಿನ ಒತ್ತಡ 8 ಬಾರ್‌ನಿಂದ 5 ಬಾರ್‌ಗೆ ಇಳಿಯುವಾಗ ಕೊಡುವ ಗಾಳಿ 660 ಲೀಟರ್, ಅಂದರೆ 23 ಘನ ಅಡಿ. ಒಳ್ಳೆ ಸ್ಪ್ರೇ ಗನ್ನು ನಿಮಿಷಕ್ಕೆ 10 ನುಂಗಿದರೆ ಟ್ಯಾಂಕಿನ ಆಟ ಎರಡು ನಿಮಿಷ ಚಿಲ್ಲರೆ, ಅಷ್ಟೇ. ಹೆಡ್ಡು, ಅಂದರೆ ಪಿಸ್ಟನ್ ಇರುವ, ಗಾಳಿ ಹಿಂಡುವ ಭಾಗ, ನಿಮಿಷಕ್ಕೆ 8 ತುಂಬುತ್ತಿದ್ದರೆ ಅದೇ ಟ್ಯಾಂಕು ಹನ್ನೊಂದು ನಿಮಿಷ ಎಳೆಯುತ್ತದೆ. ಕೊಡ ಎಷ್ಟು ದೊಡ್ಡದಾದರೂ ನಲ್ಲಿ ಸಣ್ಣದಿದ್ದರೆ ಏನು ಬಂತು? ಇನ್ನೊಂದು ಮಾತೂ ಹೇಳಿದೆ: ಪ್ಲೇಟಿನ ಮೇಲೆ ಬರೆದದ್ದು ಬಹಳ ಸಲ ಪಿಸ್ಟನ್ ಒಳಗೆಳೆಯುವ ಗಾಳಿ. ಹೊರಗೆ ಸಿಗುವುದು ಸುಮಾರು ಮೂರರಲ್ಲಿ ಎರಡು ಪಾಲು. 'ಫ್ರೀ ಏರ್ ಡೆಲಿವರಿ' ಎಷ್ಟು ಅಂತ ಕೇಳು.

ಇಲ್ಲಿಯವರೆಗೆ ನಾನು ಸರಿ. ತಪ್ಪಿದ್ದು ಮುಂದೆ. ನಿಮಿಷಕ್ಕೆ 9 ಘನ ಅಡಿ ಕೊಡುವ, ಬೆಲ್ಟಿನ, ಮೂರು ಎಚ್‌ಪಿ ಸಿಂಗಲ್ ಫೇಸ್ ಮಷಿನ್ ತಗೋ ಎಂದು ಅಪ್ಪಣೆ ಕೊಡಿಸಿದೆ. ಅವನು ಹುಬ್ಬಳ್ಳಿಯಿಂದ ತಂದ. ಮಧ್ಯಾಹ್ನ ಓಡಿತು. ಸಂಜೆ ಏಳಕ್ಕೆ ಸ್ವಿಚ್ ಹಾಕಿದರೆ ಗುಂಯ್ ಅಂದು, ಬೆಲ್ಟು ಅರ್ಧ ಸುತ್ತು ತಿರುಗಿ ನಿಂತಿತು. ಕರೆಂಟು ಮಿತಿ ಮೀರಿದರೆ ತಾನೇ ಕಡಿಯುವ ಸ್ವಿಚ್ಚು, ಎಂಸಿಬಿ, ಬಿತ್ತು. ಮೂರನೇ ಸಲ ಕೆಪಾಸಿಟರ್ ಸುಟ್ಟ ವಾಸನೆ.

ಸಂಕ್ರಾಂತಿಗೆ ಹೋದಾಗ ಮೀಟರ್ ಹಿಡಿದು ನೋಡಿದೆ. ಎಲ್ಲರ ಮನೆಯಲ್ಲೂ ದೀಪ ಹತ್ತುವ ಹೊತ್ತಿಗೆ ಲೈನಿನ ಕೊನೆಯ ಆ ಮನೆಯಲ್ಲಿ 170 ವೋಲ್ಟ್. ಮೋಟಾರಿನ ಎಳೆತ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 230 ಇರಬೇಕಾದಲ್ಲಿ 170 ಬಂದರೆ ಉಳಿಯುವುದು ಅರ್ಧಕ್ಕಿಂತ ಚೂರು ಹೆಚ್ಚು. ಅದಕ್ಕೆ ಸೇರಿ, ಮನೆಯಿಂದ ಕೊಟ್ಟಿಗೆಗೆ 30 ಮೀಟರ್ ದೂರ ಎಳೆದದ್ದು ಒಂದೂವರೆ ಎಂಎಂ ವೈರು, ಬಲ್ಬಿಗೆಂದು ಹಾಕಿದ್ದು. ಮೂರು ಎಚ್‌ಪಿ ಮೋಟಾರು ಹೊರಡುವಾಗ ಮಾಮೂಲಿಯ ನಾಲ್ಕೈದು ಪಟ್ಟು ಕರೆಂಟು ಕೇಳುತ್ತದೆ, ಆ ವೈರಿನಲ್ಲೇ ಇನ್ನೂ 40 ವೋಲ್ಟ್ ಕರಗುತ್ತದೆ. ಮೋಟಾರಿಗೆ ಮುಟ್ಟುವುದು 130, ಎಳೆತ ಮೂರನೇ ಒಂದು ಪಾಲು. ಚಿಂಚವಡದಲ್ಲಿ ಹದಿನೆಂಟು ವರ್ಷದಲ್ಲಿ ಒಮ್ಮೆಯೂ ನಾನು ವೋಲ್ಟೇಜು ಕೇಳಿಲ್ಲ. ಗೋಡೆಯಲ್ಲಿ ತ್ರೀ ಫೇಸ್ ಇರುತ್ತದೆ, ನೀರಿನ ಹಾಗೆ.

ಪಕ್ಕದ ಮನೆಯವರು ಬಂದು "ಪಂಪ್‌ಸೆಟ್ಟಿನ ಲೈನಿಗೆ ಸಿಕ್ಕಿಸಿದ್ರೆ ಆತಲ" ಎಂದರು. ತೋಟದ ಪಂಪಿಗೆ ಸರ್ಕಾರ ಬಿಟ್ಟಿ ಕೊಡುವ ಕರೆಂಟಿನಲ್ಲಿ ಮಂಚಕ್ಕೆ ಪಾಲಿಶ್ ಹೊಡೆಯುವುದು ಬೇಡ ಎಂದ ಭಾವ. ಹಾಗೂ ಆ ಲೈನಿನಲ್ಲಿ ತ್ರೀ ಫೇಸ್ ಇರುವುದು ಕರೆಂಟಿನವರು ಕೊಟ್ಟ ಹೊತ್ತಿಗೆ ಮಾತ್ರ.

ದಾರಿ ತೋರಿಸಿದವನು ಶಿರಸಿ ರಸ್ತೆಯ ಪಂಕ್ಚರ್ ಅಂಗಡಿಯವನು. ಅವನ ಕಂಪ್ರೆಸರ್ ನೋಡಬೇಕು: ಬಣ್ಣವೆಲ್ಲ ಹೋಗಿ, ಎಣ್ಣೆ ಮೆತ್ತಿ, ಎತ್ತಿನ ಗಾಡಿಯ ಹಾಗೆ ಟಕ್ ಟಕ್ ಎಂದು ನಿಧಾನಕ್ಕೆ ತಿರುಗುತ್ತದೆ. ಬಂದವನು ಮೊದಲು ಮಷಿನ್ ನಿಂತಾಗ 'ಟುಸ್' ಶಬ್ದ ಬರುತ್ತದಾ ಎಂದು ಕಿವಿಗೊಟ್ಟ. ಬಂತು. ಹೆಡ್ಡಿನ ಗಾಳಿ ಬಿಡುಗಡೆಯಾಗದಿದ್ದರೆ ಮೋಟಾರು ಹೊರಡುವಾಗಲೇ ಒತ್ತಡದ ವಿರುದ್ಧ ಗುದ್ದಾಡಬೇಕು, ಇಲ್ಲಿ ಆ ರೋಗ ಇರಲಿಲ್ಲ. ಆಮೇಲೆ ಎರಡೇ ಮಾತು: "ಎರಡು ಎಚ್‌ಪಿ ಮೋಟಾರ್ ಕೂರಿಸಿ, ಪುಲ್ಲಿ ಸಣ್ಣದು ಹಾಕಿ. ಹೆಡ್ ನಿಧಾನ ತಿರುಗಲಿ."

ಮೋಟಾರಿನ ಐದು ಇಂಚಿನ ಪುಲ್ಲಿಯ ಜಾಗಕ್ಕೆ ಮೂರೂಕಾಲು ಇಂಚಿನದು ಬಂತು. 900 ಸುತ್ತು ತಿರುಗುತ್ತಿದ್ದ ಹೆಡ್ಡು 600ರ ಹತ್ತಿರಕ್ಕೆ ಇಳಿಯಿತು. ಗಾಳಿಯೂ 9ರಿಂದ 6ಕ್ಕೆ. ವೈರು 4 ಎಂಎಂ ಎಳೆಸಿದೆವು. ಕಡಿಮೆಯಾದ ಗಾಳಿಗೆ ತಕ್ಕಂತೆ ಗನ್ನು ಬದಲಾಯಿಸಿದ್ದೊಂದೇ ನನ್ನ ಕೊಡುಗೆ: ಕಮ್ಮಿ ಗಾಳಿಯಲ್ಲಿ ಓಡುವ ಎಲ್‌ವಿಎಲ್‌ಪಿ ಗನ್ನು, ನಾಲ್ಕೈದು ಸಿಎಫ್‌ಎಂ ಸಾಕು. ಈಗ ಸಂಜೆ ಏಳಕ್ಕೂ ಹೊರಡುತ್ತದೆ, ಮೈ ಕಾಯುವುದು ಕಮ್ಮಿ, ಸದ್ದೂ ಕಮ್ಮಿ. ಹಳೇ ಮೋಟಾರು ಕೆಪಾಸಿಟರ್ ಬದಲಿಸಿದ ಮೇಲೆ ಅರ್ಧ ಬೆಲೆಗೆ ಹೋಯಿತು. ಆ ನಷ್ಟ ನನ್ನ ಲೆಕ್ಕಕ್ಕೆ ಎಂದು ಅಕ್ಕ ಇವತ್ತಿಗೂ ಅನ್ನುತ್ತಾಳೆ.

ಹಾಗೆಂದು ಊರಿನದೆಲ್ಲ ಸರಿ ಎನ್ನಲಾರೆ. ಕೊಟ್ಟಿಗೆಯ ಗೋಡೆಗುಂಟ ಭಾವ ಏರ್‌ಲೈನ್ ಎಳೆದದ್ದು ತೋಟದಲ್ಲಿ ಉಳಿದ ಪಿವಿಸಿ ಪೈಪಿನಲ್ಲಿ! ನೀರಿಗೆ ಅದು ಸರಿ. ಗಾಳಿ ತುಂಬಿದ ಪಿವಿಸಿ ಸೋರುವುದಿಲ್ಲ, ಸಿಡಿಯುತ್ತದೆ, ಚೂರು ಚೂರಾಗಿ, ಚಾಕುವಿನ ಹಾಗೆ. ಈ ವಿಷಯದಲ್ಲಿ ಮಾತ್ರ ನಾನು ಪುಣೆಯವನಾಗಿ ಜಗಳಾಡಿದೆ, ನನ್ನ ಕಣ್ಣೆದುರೇ ಬಿಚ್ಚಿಸಿದೆ. ಈಗ ಜಿಐ ಪೈಪು, ಕೊನೆಗೆ ರಬ್ಬರ್ ಹೋಸು.

ಇನ್ನು ನೀರು. ಪುಣೆಯೂ ಶಿರಸಿಯೂ ಸಮುದ್ರಮಟ್ಟದಿಂದ ಹೆಚ್ಚುಕಮ್ಮಿ ಒಂದೇ ಎತ್ತರ, ಆದರೆ ಶಿರಸಿಯ ಮಳೆ ಪುಣೆಯ ಮೂರು ಪಟ್ಟಿಗೂ ಮೇಲೆ. ಆಷಾಢದ ಗಾಳಿಯನ್ನು ಎಂಟು ಪಟ್ಟು ಹಿಂಡಿದರೆ ಅದರೊಳಗಿನ ಹಬೆ ಎಲ್ಲಿಗೆ ಹೋಗಬೇಕು? ನಿಮಿಷಕ್ಕೆ 6 ಘನ ಅಡಿಯ ಮಷಿನ್ ಒಂದು ಗಂಟೆ ಎಡೆಬಿಡದೆ ಓಡಿದರೆ ಸುಮಾರು ಒಂದು ಲೋಟ ನೀರು ಇಳಿಯುತ್ತದೆ. ಆ ನೀರನ್ನು ಹೊರಗೆ ಬಿಡದಿದ್ದರೆ ಅರ್ಧ ಗನ್ನಿಗೆ, ಇನ್ನರ್ಧ ಟ್ಯಾಂಕಿನ ತಳ ತಿನ್ನುವುದಕ್ಕೆ. ಪುಣೆಯಲ್ಲಿ ನಾವು ಡ್ರೈಯರ್ ಕೂರಿಸಿ ಮರೆತುಬಿಡುತ್ತೇವೆ. ಭಾವ ಒಂದು ವಾಟರ್ ಸೆಪರೇಟರ್ ಹಾಕಿದ್ದಾನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪಾಲಿಶ್ ಮುಟ್ಟುವುದೇ ಇಲ್ಲ. ಆ ತೇವದಲ್ಲಿ ಎಂಥ ಸೆಪರೇಟರ್ ಹಾಕಿದರೂ ಪಾಲಿಶಿನ ಮೇಲೆ ಬಿಳಿ ಮಂಜು ಕಟ್ಟುತ್ತದೆ, ಯಾಕೆಂದರೆ ಅದು ಪೈಪಿನ ನೀರಲ್ಲ, ಕೋಣೆಯ ಗಾಳಿಯದು. ಮಳೆಗಾಲದಲ್ಲಿ ಕೀಲು ಕೂಡಿಸು, ಉಜ್ಜು, ಬಣ್ಣ ಬೇಸಿಗೆಗೆ. ಇದನ್ನು ನಾನು ಮೊದಲು ಸೋಮಾರಿತನ ಅಂದುಕೊಂಡಿದ್ದೆ.

ಮೊನ್ನೆ ವಿಡಿಯೊ ಕಾಲ್‌ನಲ್ಲಿ ತೋರಿಸಿದ. ಟ್ಯಾಂಕಿನ ಅಡಿಯ ವಾಲ್ವು ತಿರುಗಿಸಿ, ಹಳೇ ತಂಬಿಗೆ ಒಡ್ಡಿ, ಚಹಾ ಬಣ್ಣದ ನೀರು ಸುಂಯ್ ಎಂದು ಬರುವವರೆಗೆ ಕಾದ. "ಪುಣೆಲಿ ಇಷ್ಟು ಬತ್ತಾ ಭಾವಾ?" ಎಂದ. ಇಲ್ಲ ಎಂದೆ. ತಂಬಿಗೆ ತೆಗೆದುಕೊಂಡು ಹೋಗಿ ಅಂಗಳದಾಚೆ ಚೆಲ್ಲಿ ಬಂದು, ಹೋಸಿನ ಕಪ್ಲಿಂಗ್ ಸೋರುತ್ತಿದೆ, ಬರುವಾಗ ಹಿತ್ತಾಳೆಯದು ನಾಲ್ಕು ತಗೊಂಡು ಬಾ, ಪ್ಲಾಸ್ಟಿಕ್ಕಿನದು ಬೇಡ ಎಂದ.