ಕಲ್ಲಿನ ಕೋಟೆಗೆ ಕಪ್ಪು ಬಣ್ಣ

ಕೇಕಿಗೆ ಹೊದಿಸುವ ಆ ಸಕ್ಕರೆ ಹಿಟ್ಟು ಇದೆಯಲ್ಲ, ಫಾಂಡಂಟ್, ಅದನ್ನು ತಿಳಿ ಗುಲಾಬಿ ಮಾಡೋದು ಯಾರಿಗಾದರೂ ಬರುತ್ತೆ. ಕಡ್ಡಿ ತುದಿಯಲ್ಲಿ ಒಂಚೂರು ಜೆಲ್ ಬಣ್ಣ ಹಚ್ಚಿ ನಾದಿದರೆ ಮುಗೀತು. ಕಪ್ಪು ಹಂಗಲ್ಲ. ಫಾಂಡಂಟ್ ಒಂದನ್ನು ಬಿಟ್ಟು ಉಗುರು, ನಲ್ಲಿ, ಹಾಲಿನ ಪಾಕೀಟು, ಫ್ರಿಜ್ಜಿನ ಬಾಗಿಲು ಎಲ್ಲಕ್ಕೂ ಮೊದಲು ಹತ್ತುತ್ತೆ.

ದಾವಣಗೆರೆಯಲ್ಲಿ ಮನೆಯಿಂದಲೇ ಕೇಕ್ ಮಾಡಿಕೊಡುವ ನನಗೆ ಬಂದ ಆರ್ಡರು ಚಿತ್ರದುರ್ಗದ ಕೋಟೆ. 1997ರಲ್ಲಿ ಜಿಲ್ಲೆ ಬೇರೆಯಾದರೂ ಕೋಟೆ ಮೇಲಿನ ಹಕ್ಕನ್ನು ನಮ್ಮೂರಿನವರು ಬಿಟ್ಟುಕೊಟ್ಟಿಲ್ಲ. ಏಳು ಸುತ್ತು ಬೇಡ, ಒಂದು ಬುರುಜು, ನಾಲ್ಕು ಬಂಡೆ, ಓಬವ್ವನ ಕಿಂಡಿ ಸಾಕಂತೆ. "ಬಂಡೆ ಮಾತ್ರ ಕರ್ರಗಿರ್ಬೇಕು ನೋಡ್ರೀ ಅಕ್ಕಾ." ದುರ್ಗದ ಬಂಡೆ ಮಳೆನೀರು ಇಳಿದ ಕಡೆ ಬಿಟ್ಟರೆ ಅಷ್ಟೇನೂ ಕಪ್ಪಿಲ್ಲ. ಗಿರಾಕಿಗೆ ಅದನ್ನೆಲ್ಲ ಹೇಳೋಕಾಗುತ್ತಾ? ಯಾವಾಗ ಬೇಕು ಅಂದರೆ, ನಾಳೆ ಸಂಜೆ.

"ಹುಟ್ಟಿದಬ್ಬಕ್ಕೆ ಕರೀ ಕೇಕೇನವ್ವಾ? ಶನಿಕಾಟ ಇದ್ರೆ ಎಳ್ಳು ದಾನ ಕೊಡ್ಲಿ," ಅಂದರು ನಮ್ಮತ್ತೆ.

ನಮ್ಮ ದೇಶದಲ್ಲಿ ತಿನ್ನೋ ಪದಾರ್ಥಕ್ಕೆ ಒಪ್ಪಿಗೆ ಇರುವ ಕೃತಕ ಬಣ್ಣ ಎಂಟು. ಅದರಲ್ಲಿ ಕಪ್ಪೇ ಇಲ್ಲ! ಕೆಂಪು, ಹಳದಿ, ನೀಲಿ ಬೆರೆಸಿ ಡಬ್ಬಿ ಮೇಲೆ ಕಪ್ಪು ಅಂತ ಬರೆದಿರುತ್ತಾರೆ. ಅದಕ್ಕೇ ನಾದುವಾಗ ಮೊದಲು ಬೂದಿ, ಆಮೇಲೆ ನೇರಳೆ, ನಡುವೆ ಪಾಚಿ ಹಸಿರೂ ಬಂದು ಹೋಗುತ್ತೆ. ಕೋಕೋ ಪುಡಿ ಕಲಸಿ ಮೊದಲೇ ಕಂದು ಮಾಡಿಕೊಂಡರೆ ಬಣ್ಣ ಕಮ್ಮಿ ಸಾಕು. ಕೋಕೋ ಬಿದ್ದರೆ ಹಿಟ್ಟು ಬಿರಿಯುತ್ತೆ, ಕೈಗೆ ಡಾಲ್ಡಾ ಸವರಿಕೊಳ್ಳಬೇಕು. ನಾನು ಡಾಲ್ಡಾ ತರಲು ಒಳಗೆ ಹೋದಾಗ, ಬಿರಿದ ಹಿಟ್ಟು ಕಂಡು ಕರಗಿದ ಅತ್ತೆ ಚಪಾತಿ ಹಿಟ್ಟಿಗೆ ಚಿಮುಕಿಸುವ ಹಂಗೆ ನೀರು ಚಿಮುಕಿಸಿದರು. ಸಕ್ಕರೆ ಅಲ್ಲವಾ, ಕರಗಿ ಕಟ್ಟೆಗೆ ಅಂಟಿತು. ಆ ಮುದ್ದೆ ಕಸದ ಬುಟ್ಟಿಗೆ. ಮತ್ತೆ ಮೊದಲಿಂದ.

ಗಾಢ ಬಣ್ಣಕ್ಕೆ ಬಣ್ಣಕ್ಕಿಂತ ಹೆಚ್ಚಾಗಿ ಬೇಕಾದ್ದು ಒಂದು ರಾತ್ರಿ. ಇನ್ನೂ ತುಸು ತಿಳಿಯಾಗಿರುವಾಗಲೇ ನಿಲ್ಲಿಸಿ ಪ್ಲಾಸ್ಟಿಕ್ಕಲ್ಲಿ ಸುತ್ತಿಟ್ಟರೆ ತಾನೇ ಕಪ್ಪಾಗುತ್ತೆ. ಆದರೆ ಮನೆಮಂದಿ ಬಿಡಬೇಕಲ್ಲ. "ಸಿಮೆಂಟ್ ಬಣ್ಣ ಐತಲ್ಲವ್ವಾ, ಇನ್ನೊಂದಿಷ್ಟು ಸುರಿ," ಅಂತ ಮಾವ. ಸುರಿದರೆ ಕಹಿಯಾಗುತ್ತೆ ಮಾವಾ ಅಂದೆ. ನಂಬಲಿಲ್ಲ, ಬೆರಳಲ್ಲಿ ನೆಕ್ಕಿ ನೋಡಿದರು. ಬೆಳಿಗ್ಗೆ ಫಾಂಡಂಟೂ ಕಾಡಿಗೆ, ಮಾವನ ಬೆರಳೂ ಕಾಡಿಗೆ.

ಫ್ರಿಜ್ಜಲ್ಲಿ ಇಡಬೇಡಿ ಅಂತ ಹೇಳಿಯೇ ಕೋಟೆ ಕಳಿಸಿದ್ದೆ. ಇಟ್ಟರು. ನಮ್ಮೂರ ಏಪ್ರಿಲ್ ಸೆಕೆಗೆ ಹೊರಗೆ ತೆಗೆದಿದ್ದೇ ತಡ, ಬಂಡೆಗಳೆಲ್ಲ ಬೆವೆತು ಓಬವ್ವನ ಕಿಂಡಿಯಿಂದ ಕರೀ ನೀರು ಇಳಿಯಿತು. ತಿಂದವರ ಹಲ್ಲು, ನಾಲಿಗೆ, ತುಟಿ ಎಲ್ಲ ಕಪ್ಪು. ಫೋಟೋದಲ್ಲಿ ಬಾಯಿ ಬಿಟ್ಟು ನಕ್ಕವರು ಎಲೆಅಡಿಕೆ ಹಾಕುವ ಅಜ್ಜಿ ಒಬ್ಬರೇ. ಅವರ ಹಲ್ಲಿಗೆ ಹೊಸದಾಗಿ ಆಗುವಂಥದ್ದೇನೂ ಇರಲಿಲ್ಲ.

ಮರುದಿನ ಬೆಳ್ಳಂಬೆಳಿಗ್ಗೆ ಹುಡುಗನ ತಾಯಿಯ ಫೋನು. ದನಿ ತಗ್ಗಿಸಿ, "ಅಕ್ಕಾ, ಡಾಕ್ಟ್ರ ಹತ್ರ ಹೋಗ್ಬೇಕೇನ್ರೀ? ಹುಡುಗ ಹಸಿರಾಗೇ ಹೋಗ್ಯಾನೆ."

"ಏನೂ ಆಗಲ್ಲ ಬಿಡ್ರೀ, ಅದು ಬುರುಜು," ಅಂದೆ.