ಕಾವೇರಿ ಕೋಲಾರಕ್ಕೆ ಎರಡು ಸಲ ಬಂದಳು

ಮೊನ್ನೆ ಮತ್ತೆ ವಾಟ್ಸಾಪ್‌ನಲ್ಲಿ ಅದೇ ಮೆಸೇಜು. ಏಷ್ಯಾದಲ್ಲೇ ಮೊದಲು ಕರೆಂಟ್ ಬಂದಿದ್ದು ನಮ್ಮ ಕೆಜಿಎಫ್‌ಗೆ, ಹೆಮ್ಮೆಯಿಂದ ಶೇರ್ ಮಾಡಿ ಅಂತ. ನಾನೂ ಬಂಗಾರಪೇಟೆ ಕಡೆಯವನೇ, ಹೆಮ್ಮೆ ನನಗೂ ಇದೆ. ಆದರೆ ಇಲ್ಲದ್ದು ಯಾಕೆ ಹೇಳಿಕೊಳ್ಳಬೇಕು? ಡಾರ್ಜಿಲಿಂಗ್ ಹತ್ತಿರದ ಸಿದ್ರಾಪಾಂಗ್‌ನಲ್ಲಿ 1897ರಲ್ಲೇ ತೊರೆ ನೀರಿನಿಂದ ಕರೆಂಟ್ ತೆಗೆದಿದ್ದರು. 130 ಕಿಲೋವ್ಯಾಟ್ ಅಷ್ಟೇ, ಪುಟ್ಟದು. ನಮ್ಮದು 1902, ಜೂನ್ ಕೊನೆ.

ನಮ್ಮ ಕಥೆಯಲ್ಲಿ ನಿಜವಾಗಲೂ ಬೆರಗಾಗುವಂಥದ್ದು ದೂರ. ಚಿನ್ನ ಇಲ್ಲಿ, ಹೊಳೆ ಅಲ್ಲಿ. ಪಾಲಾರ್ ಇಲ್ವಾ ಅನ್ನಬೇಡಿ, ಅದು ಮಳೆ ಬಂದ ವರ್ಷ ಮಾತ್ರ ಹೊಳೆ. ಗಣಿ ಯಂತ್ರಗಳು ಹಬೆಯಲ್ಲಿ ಓಡುತ್ತಿದ್ದವು, ಉರಿಸೋ ಖರ್ಚು ವಿಪರೀತ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, ಜೋಲಿ ಡಿ ಲಾಟ್ಬಿನಿಯರ್ ಅನ್ನೋ ಎಂಜಿನಿಯರ್ ಶಿವನಸಮುದ್ರದ ಜಲಪಾತದಿಂದ ಕೆಜಿಎಫ್‌ಗೆ ತಂತಿ ಎಳೆಯುವ ಯೋಜನೆ ಹಾಕಿದರು. ಸುಮಾರು 147 ಕಿಲೋಮೀಟರ್. ಆಗ ಪ್ರಪಂಚದಲ್ಲೇ ಅಷ್ಟುದ್ದದ ಲೈನು ಬೆರಳೆಣಿಕೆ. ಟರ್ಬೈನ್ ಸ್ವಿಟ್ಜರ್ಲೆಂಡಿನದು, ಜನರೇಟರ್ ಅಮೆರಿಕದ್ದು. ಅಯ್ಯರ್ 1901ರಲ್ಲೇ ತೀರಿಕೊಂಡರು. ದೀಪ ಹತ್ತಿದ್ದನ್ನು ನೋಡಲಿಲ್ಲ.

ಒಂದು ಮಳೆಗಾಲ ನಾನು ಶಿವನಸಮುದ್ರಕ್ಕೆ ಹೋಗಿದ್ದೆ. ಆ ಜಾಗವನ್ನು ಬ್ಲಫ್ ಅಂತಾರೆ. ಪವರ್ ಹೌಸ್ ಕೆಳಗೆ ಕಣಿವೆಯಲ್ಲಿದೆ, ನಾನು ಮೇಲಿಂದಲೇ ನೋಡಿದ್ದು. ಆನೆ ಹೊಟ್ಟೆಯಷ್ಟು ದಪ್ಪದ ಪೈಪುಗಳು ಗುಡ್ಡದ ಬೆನ್ನ ಮೇಲೆ ಸಾಲಾಗಿ ಇಳಿದಿವೆ. ಜಲಪಾತಕ್ಕಿಂತ ಮೇಲೆಯೇ ಹೊಳೆಗೆ ಅಡ್ಡ ಕಟ್ಟಿ, ಕಾಲುವೆಯಲ್ಲಿ ನೀರು ತಂದು, ಆ ಪೈಪುಗಳಿಗೆ ಬಿಡುತ್ತಾರೆ. ಸುಮಾರು 400 ಅಡಿ ಬಿದ್ದ ನೀರು ಟರ್ಬೈನ್ ತಿರುಗಿಸಿ ವಾಪಸ್ ಹೊಳೆಗೇ ಸೇರುತ್ತದೆ. ಒಂದು ಲೋಟ ನೀರೂ ಖರ್ಚಾಗುವುದಿಲ್ಲ. ಶುರುವಿನಲ್ಲಿ 720 ಕಿಲೋವ್ಯಾಟಿನ ಆರು ಯಂತ್ರ ಇದ್ದವು. ಈಗ ಒಟ್ಟು 42 ಮೆಗಾವ್ಯಾಟ್. ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್, ಅದರ ಮುಂದೆ ಇದು ಇರುವೆ. ಆದರೂ ನೂರಿಪ್ಪತ್ತು ವರ್ಷ ದಾಟಿದ ಇರುವೆ.

ತೊಂದರೆ ಇದ್ದಿದ್ದು ಬೇಸಿಗೆಯಲ್ಲಿ. ಹೊಳೆ ಸೊರಗಿದರೆ ಕರೆಂಟೂ ಸೊರಗಬೇಕಲ್ಲ. 1911ರಲ್ಲಿ ಕನ್ನಂಬಾಡಿ ಕಟ್ಟೆ ಶುರುವಾಗಿದ್ದಕ್ಕೆ ಇದೂ ಒಂದು ಕಾರಣ, ಶಿವನಸಮುದ್ರಕ್ಕೆ ವರ್ಷವಿಡೀ ನೀರು ಸಿಗಲಿ ಅಂತ. ಅದನ್ನು ಹಟ ಹಿಡಿದು ಕಟ್ಟಿಸಿದ ವಿಶ್ವೇಶ್ವರಯ್ಯ ಮುದ್ದೇನಹಳ್ಳಿಯವರು, ಆಗ ಅದು ಕೋಲಾರ ಜಿಲ್ಲೆ. (ಚಿಕ್ಕಬಳ್ಳಾಪುರದವರು ಜಗಳಕ್ಕೆ ಬರಬೇಡಿ. ನೀವು ಬೇರೆಯಾಗಿದ್ದು 2007ರಲ್ಲಿ.)

ಈಗ ನನ್ನ ತಕರಾರಿಗೆ ಬರುತ್ತೇನೆ. ನಮ್ಮಜ್ಜಿ ಹೇಳುತ್ತಿದ್ದಳು, ಅವಳು ಮದುವೆಯಾಗಿ ಬಂದಾಗ ಊರಲ್ಲಿ ಬುಡ್ಡಿದೀಪ. ರಾತ್ರಿ ಮಾಳಿಗೆ ಹತ್ತಿದರೆ ಕೆಜಿಎಫ್ ಕಡೆ ಆಕಾಶವೆಲ್ಲಾ ಬೆಳ್ಳಗೆ. "ಆವೊತ್ತು ಅಲ್ಲೇನು ದಿನಾ ಜಾತ್ರೆನಾ ಅಂತ ಕೇಳಿದ್ದೆ ಕಣಪ್ಪಾ" ಅಂತ ನಗೋಳು. ಕರೆಂಟ್ ಬಂದಿದ್ದು ಚಿನ್ನಕ್ಕೆ. ಜನಕ್ಕಲ್ಲ. ಬೆಂಗಳೂರಿಗೇ ಬೀದಿ ದೀಪ ಬಂದಿದ್ದು 1905ರಲ್ಲಿ, ಅದೇ ಶಿವನಸಮುದ್ರದಿಂದ. ಗಣಿಯ ಕೂಗಳತೆಯಲ್ಲಿದ್ದ ನಮ್ಮ ಹಳ್ಳಿಗೆ ಬರುವಷ್ಟರಲ್ಲಿ ನಮ್ಮಪ್ಪ ಸ್ಕೂಲು ಬಿಟ್ಟಾಗಿತ್ತು. ಹಾಗಾಗಿ ಆ ಮೆಸೇಜು ಫಾರ್ವರ್ಡ್ ಮಾಡೋಕೆ ನನ್ನ ಬೆರಳು ಏಳುವುದಿಲ್ಲ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಉಳಿದಿದ್ದು ಸೈನೈಡ್ ಗುಡ್ಡಗಳು, ಅಂದರೆ ಚಿನ್ನ ತೆಗೆದ ಮೇಲೆ ಸುರಿದ ಕಲ್ಲುಪುಡಿಯ ರಾಶಿ. ಗಾಳಿ ಬೀಸಿದರೆ ಅದರ ಧೂಳು.

ಎರಡನೇ ಸಲ ಕಾವೇರಿ ಬಂದಿದ್ದು 2018ರಲ್ಲಿ. ಶಿವನಸಮುದ್ರಕ್ಕಿಂತ ಸ್ವಲ್ಪ ಮೇಲೆ ನೀರೆತ್ತಿ, ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಪಂಪ್ ಮಾಡುತ್ತಾರಲ್ಲ, ಆ ನೀರು. ಬೆಂಗಳೂರು ಕುಡಿದು, ತೊಳೆದು, ಚರಂಡಿಗೆ ಬಿಟ್ಟ ಮೇಲೆ ಎರಡು ಹಂತ ಶುದ್ಧ ಮಾಡಿ ಕೆಸಿ ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಪೈಪಲ್ಲಿ ನಮ್ಮ ಕೆರೆಗೆ. ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಕೆರೆ ತುಂಬಿದ್ದು ನೋಡಿ ನನಗೂ ಖುಷಿ ಆಯಿತು, ಸುಳ್ಳು ಹೇಳಲ್ಲ. ಬತ್ತಿದ್ದ ಬೋರುಗಳಲ್ಲಿ ನೀರು ಕಂಡವರಿದ್ದಾರೆ. ಆದರೆ ಮೂರನೇ ಹಂತ ಶುದ್ಧ ಮಾಡಿ ಕೊಡಿ ಅಂತ ಕೇಳಿದರೆ ಖರ್ಚಿನ ಲೆಕ್ಕ ತೆಗೀತಾರೆ. ಚಿನ್ನಕ್ಕೆ 147 ಕಿಲೋಮೀಟರ್ ತಂತಿ ಎಳೆಯುವಾಗ ಖರ್ಚು ಇರಲಿಲ್ವಾ?

ನಿನ್ನೆ ರಾತ್ರಿ ಒಂದೂವರೆಗೆ ಮೋಟರ್‌ಗೆ ಬೇಕಾದ ತ್ರೀ ಫೇಸ್ ಕರೆಂಟ್ ಬಂತು. ಟಾರ್ಚ್ ಹಿಡಿದು ಟೊಮೆಟೊ ತೋಟಕ್ಕೆ ಹೋಗಿ ಮೋಟರ್ ಆನ್ ಮಾಡಿದೆ. ಹತ್ತೇ ನಿಮಿಷ, ಮತ್ತೆ ಹೋಯಿತು. ಬದುವಿನ ಮೇಲೆ ಕೂತು ಮೊಬೈಲ್ ತೆಗೆದರೆ ಮತ್ತೆ ಅದೇ ಮೆಸೇಜು, ಈ ಸಲ ಬಾವನಿಂದ.