ಹಳ್ಳಿ ಆಸ್ಪತ್ರೆಯ ನಲ್ಲಿಗೆ ಬೆಂಗಳೂರಿನ ಕಂಪನಿ ದುಡ್ಡು: ಬೇಕೋ, ಬೇಡವೋ?

ಬೆಂಗಳೂರಿನ ಕಂಪನಿಗಳ ಸಿಎಸ್‌ಆರ್ ಹಣದಲ್ಲಿ (ಸಮಾಜದ ಕೆಲಸಕ್ಕೆಂದು ಲಾಭದಲ್ಲಿ ತೆಗೆದಿಡುವ ಪಾಲು) ಸುತ್ತಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ನೀರು, ಶೌಚಾಲಯ, ಸೋಲಾರ್ ಮಾಡಿಸಬೇಕೇ?

ಪರ

ಮಾಡಿಸಬೇಕು, ಅದೂ ಬೇಗ.

ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ಇರುತ್ತದೆ. ಅವತ್ತು ಶೌಚಾಲಯಕ್ಕೆ ಬೀಗ ಬಿದ್ದಿದ್ದರೆ ಏನಾಗುತ್ತದೆ ನೋಡಿ. ಬೆಂಚಿನ ಮೇಲೆ ಕೂತ ಹೆಂಗಸರು ಬೆಳಗ್ಗೆಯಿಂದ ಒಂದು ಗುಟುಕು ನೀರು ಕುಡಿದಿರುವುದಿಲ್ಲ. ಮೂತ್ರ ಪರೀಕ್ಷೆಗೆ ಕೊಟ್ಟ ಡಬ್ಬಿಯನ್ನು ಸೆರಗಲ್ಲಿ ಮುಚ್ಚಿಕೊಂಡು ಕಟ್ಟಡದ ಹಿಂದೆ ಹೋಗಬೇಕು. ಎಂಟು ತಿಂಗಳ ಗರ್ಭಿಣಿಗೆ ಇಂಥ ಗತಿ ಬರಬಾರದು.

ಹೆರಿಗೆಯೊಂದಕ್ಕೆ 100 ಲೀಟರ್ ನೀರು ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೈ ತೊಳೆದರೆ ಬಾಣಂತಿಯರ ಸಾವು ಇಳಿಯುತ್ತದೆ ಎಂದು ವಿಯೆನ್ನಾದಲ್ಲಿ ಸೆಮ್ಮೆಲ್‌ವೈಸ್ ಎಂಬ ಡಾಕ್ಟರ್ ತೋರಿಸಿಕೊಟ್ಟಿದ್ದು 1847ರಲ್ಲಿ! ಮಾಗಡಿ, ದೊಡ್ಡಬಳ್ಳಾಪುರದ ಕಡೆ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಬೋರ್‌ವೆಲ್ಲೇ ಗತಿ. ಕರೆಂಟ್ ಹೋದರೆ ಮೋಟರ್ ಇಲ್ಲ, ಮೋಟರ್ ಇಲ್ಲದಿದ್ದರೆ ನೀರಿಲ್ಲ. 2024ರ ಬೇಸಿಗೆಯಲ್ಲಿ ಟ್ಯಾಂಕರ್ ಹಿಂದೆ ಓಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಪರಿಹಾರ ಕಷ್ಟದ್ದೇನಲ್ಲ. ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ ಬೀಳುತ್ತದೆ. 200 ಚದರ ಮೀಟರ್ ಚಾವಣಿ ಇದ್ದರೆ ಲಕ್ಷ ಲೀಟರ್‌ಗೂ ಜಾಸ್ತಿ ನೀರು ಹಿಡಿಯಬಹುದು. ಅದೇ ಚಾವಣಿಯ ಸೋಲಾರ್ ಮೋಟರನ್ನೂ ಓಡಿಸುತ್ತದೆ, ಲಸಿಕೆ ಇಡುವ ಫ್ರಿಜ್ಜನ್ನು 2ರಿಂದ 8 ಡಿಗ್ರಿಯಲ್ಲೂ ಕಾಯುತ್ತದೆ. ಇನ್ನು ಹಣ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ 2% ಸಿಎಸ್‌ಆರ್‌ಗೆ ಕೊಡಲೇಬೇಕು. ನೈರ್ಮಲ್ಯ, ಕುಡಿಯುವ ನೀರು, ಆರೋಗ್ಯ ಮೂರೂ ಆ ಹಣದಲ್ಲಿ ಮಾಡಬಹುದಾದ ಕೆಲಸಗಳ ಪಟ್ಟಿಯಲ್ಲಿವೆ. ಆಸುಪಾಸಿನ ಊರಿಗೆ ಆದ್ಯತೆ ಕೊಡಿ ಎಂದೂ ಅದೇ ಕಾನೂನು ಹೇಳುತ್ತದೆ. ಎಲೆಕ್ಟ್ರಾನಿಕ್ ಸಿಟಿ ದಾಟಿದರೆ ಆನೇಕಲ್ ಹಳ್ಳಿಗಳು. ಸರ್ಕಾರದ ಫೈಲು ಮೇಜಿಂದ ಮೇಜಿಗೆ ಹೋಗಿ ಬರುವ ತನಕ ಹೆರಿಗೆ ಕಾಯುತ್ತದೆಯೇ?

ವಿರೋಧ

ನೀರು ಬೇಕು, ಶೌಚಾಲಯ ಬೇಕು. ಅದರಲ್ಲಿ ಜಗಳವೇ ಇಲ್ಲ. ಆದರೆ ಕಟ್ಟಿಸುವುದು ಸುಲಭದ ಭಾಗ. ನಾಳೆ ವಾಷರ್ ಹೋದರೆ ಯಾರು ಬರುತ್ತಾರೆ ಎನ್ನುವುದೇ ಕಷ್ಟದ ಭಾಗ.

ದಾನದಲ್ಲಿ ಬಂದ ಆರ್‌ಒ ಯಂತ್ರ ಹಳ್ಳಿ ಕಡೆ ಎಷ್ಟೋ ಜನ ನೋಡಿರುತ್ತೀರಿ. ಮೇಲೆ ಕಂಪನಿಯ ಹೆಸರು ಫಳಫಳ ಹೊಳೆಯುತ್ತಿರುತ್ತದೆ. ಕೆಳಗೆ ಕೆಂಪು ದೀಪ ಉರಿಯುತ್ತಿರುತ್ತದೆ. ಫಿಲ್ಟರ್ ಕಟ್ಟಿಕೊಂಡಿದೆ, ನಲ್ಲಿಯ ಬಾಯಿಗೆ ಬಿಳಿ ಉಪ್ಪು ಹತ್ತಿದೆ, ರೋಗಿಗಳು ಪಕ್ಕದ ತೊಟ್ಟಿಯಿಂದ ಬಾಟಲಿ ತುಂಬಿಕೊಳ್ಳುತ್ತಾರೆ. ಮೆಕ್ಯಾನಿಕ್ ನಂಬರ್ ಯಾರ ಹತ್ತಿರವೂ ಇಲ್ಲ. ಇದು ಸುಮ್ನೆ ಆದದ್ದಲ್ಲ. ಸಿಎಸ್‌ಆರ್ ನಿಯಮದಲ್ಲೇ ಒಂದು ಯೋಜನೆಗೆ ಶುರುವಾದ ವರ್ಷ ಬಿಟ್ಟು ಹೆಚ್ಚೆಂದರೆ ಮೂರು ವರ್ಷ. ಮೋಟರ್ ಸುಡುವುದು ಐದನೇ ವರ್ಷ. ಆಗ ಕಂಪನಿ 'ಒಪ್ಪಿಸಿ ಬಂದೆವು' ಎನ್ನುತ್ತದೆ, ಇಲಾಖೆ 'ಅದು ನಮ್ಮದಲ್ಲ' ಎನ್ನುತ್ತದೆ. ನಡುವೆ ನರ್ಸಮ್ಮ ಬಕೆಟ್ ಹೊರುತ್ತಾರೆ.

ಶೌಚಾಲಯದ್ದೂ ಇದೇ ಕಥೆ. ಗುಂಡಿ ತುಂಬಿದರೆ ಮನುಷ್ಯರನ್ನು ಇಳಿಸುವಂತಿಲ್ಲ, ಮಲ ಹೊರುವ ಪದ್ಧತಿ ತಡೆಯುವ 2013ರ ಕಾನೂನು ಅದನ್ನು ನಿಷೇಧಿಸಿದೆ, ಮಾಡಬಾರದ್ದೂ ಹೌದು. ಸಕ್ಕಿಂಗ್ ಮಷಿನ್ ಕರೆಸಬೇಕು. ಅದರ ಬಾಡಿಗೆ ಯಾರ ಖಾತೆಯಿಂದ? ದಿನಾ ತೊಳೆಯುವವರ ಸಂಬಳ? ಉದ್ಘಾಟನೆಯ ಫೋಟೋದಲ್ಲಿ ಇವು ಯಾವುವೂ ಬರುವುದಿಲ್ಲ.

ಇನ್ನೊಂದು ಮಾತು. ಕಂಪನಿ ಕಾರು ಹೋಗುವುದು ಹೆದ್ದಾರಿ ಪಕ್ಕದ ಊರಿಗೆ. ದೇವನಹಳ್ಳಿಗೆ ಎರಡೆರಡು ಸಲ ಬಣ್ಣ ಬಳಿದು, ಯಾದಗಿರಿಯ ಆಸ್ಪತ್ರೆಗೆ ಒಂದು ಬಕೆಟ್ಟೂ ಇಲ್ಲ ಎಂದಾದರೆ ಅದು ನ್ಯಾಯವಲ್ಲ. ಸಂವಿಧಾನದಲ್ಲಿ ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಆಸ್ಪತ್ರೆ ರಾಜ್ಯಪಟ್ಟಿಯಲ್ಲಿವೆ, ಅಂದರೆ ಅವು ರಾಜ್ಯ ಸರ್ಕಾರದ ಹೊಣೆ. ನಾವು ಓಟು ಹಾಕಿ ಗೆಲ್ಲಿಸಿದವರನ್ನು ಕೇಳಬಹುದು. ಕಂಪನಿಯನ್ನು ಯಾವ ಹಕ್ಕಿನಿಂದ ಕೇಳುವುದು?

ಕೇಳುವ ದಾರಿ ಈಗಾಗಲೇ ಇದೆ. ಸ್ವಚ್ಛತೆಗೆ ಅಂಕ ಕೊಡುವ ಕಾಯಕಲ್ಪ ಯೋಜನೆ 2015ರಿಂದ ನಡೆಯುತ್ತಿದೆ. ಆಸ್ಪತ್ರೆಯ ಉಸ್ತುವಾರಿಗೆ ಆರೋಗ್ಯ ರಕ್ಷಾ ಸಮಿತಿ ಇದೆ. ಅದರ ಸಭೆಯಲ್ಲಿ ಪ್ಲಂಬರ್, ಕ್ಲೋರಿನ್, ಸಕ್ಕಿಂಗ್ ಮಷಿನ್ ಈ ಮೂರಕ್ಕೆ ವರ್ಷಕ್ಕೆ ಎಷ್ಟಿಟ್ಟಿದ್ದೀರಿ ಎಂದು ಊರಿನವರು ಲೆಕ್ಕ ಕೇಳಲಿ. ಸಾಲದಿದ್ದರೆ ಬಜೆಟ್‌ನಲ್ಲಿ ಇಲಾಖೆ ಕೊಡಲಿ, ಪ್ರತಿ ವರ್ಷ, ಪ್ರತಿ ಆಸ್ಪತ್ರೆಗೆ.